ಮೆಣಸು ಬೇಕೆಂದಿದ್ದು ತಪ್ಪಲ್ಲ



ಯುರೋಪಿನವರು ಸಮುದ್ರ ದಾಟಿ ನಮ್ಮ ಕಡೆ ಯಾಕೆ ಬಂದರು? ನಿಮ್ಮಲ್ಲಿ ದೊಡ್ಡ ತರಗತಿಯವರು ಈ ಪ್ರಶ್ನೆಗೆ ಶಾಲೆಯಲ್ಲಿ ಉತ್ತರ ಬರೆದಿರುತ್ತೀರಿ. ಉತ್ತರ ಬಾಯಿಪಾಠವೂ ಆಗಿರುತ್ತದೆ: ದೇವರು, ಬಂಗಾರ, ಕೀರ್ತಿ. ಇಂಗ್ಲಿಷಿನಲ್ಲಿ ಈ ಮೂರೂ ಪದಗಳು ‘ಜಿ’ ಅಕ್ಷರದಿಂದ ಶುರುವಾಗುತ್ತವೆ, ಹಾಗಾಗಿ ನೆನಪಿಟ್ಟುಕೊಳ್ಳೋದು ಸುಲಭ. ಮನೆಗೆ ಬಂದು ಅದೇ ಪ್ರಶ್ನೆ ಕೇಳಿದರೆ ಊಟದ ಹೊತ್ತಿನಲ್ಲಿ ಬೇರೆ ಎರಡು ಉತ್ತರ ಸಿಗುತ್ತವೆ. “ನಮ್ಮನ್ನ ಲೂಟಿ ಹೊಡೆಯೋಕೆ ಬಂದ್ರು, ಅಷ್ಟೇ” ಅಂತ ಒಬ್ಬರು. “ಅವರು ಬರದೇ ಇದ್ದಿದ್ರೆ ರೈಲು ಎಲ್ಲಿರ್ತಿತ್ತು, ಇಂಗ್ಲಿಷ್ ಎಲ್ಲಿರ್ತಿತ್ತು?” ಅಂತ ಇನ್ನೊಬ್ಬರು.

ಈ ಮೂರರಲ್ಲಿ ಯಾವ ಉತ್ತರವೂ ನನಗೆ ಸಾಲದು. ಲಂಡನ್ನಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಂತೂ ಸಾಲದೇ ಸಾಲದು. ಯಾಕಂದರೆ ಈ ಕಥೆಯ ಎರಡೂ ತುದಿಗಳು ನಿಮ್ಮವು. ಒಂದು ತುದಿ ಹೊನ್ನಾವರ, ಭಟ್ಕಳ, ಕಾರವಾರದಲ್ಲಿದೆ. ಇನ್ನೊಂದು ತುದಿ ನೀವು ರೈಲು ಹತ್ತಿ ಹೋಗಿ ನೋಡಬಹುದಾದ ಲಂಡನ್ ಬೀದಿಗಳಲ್ಲಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೆಣಸು ಬೇಕು ಅಂತ ದೂರದಿಂದ ಬಂದಿದ್ದು ತಪ್ಪಲ್ಲ. ಅದರಲ್ಲಿ ನಾಲ್ಕು ಕಾಸು ಲಾಭ ಮಾಡಬೇಕು ಅಂದುಕೊಂಡಿದ್ದೂ ತಪ್ಪಲ್ಲ. “ನನ್ನನ್ನು ಬಿಟ್ಟು ಬೇರೆ ಯಾರಿಗೂ ನೀವು ಮಾರಬಾರದು, ಬೇರೆ ಯಾರೂ ಈ ಸಮುದ್ರದಲ್ಲಿ ವ್ಯಾಪಾರ ಮಾಡಬಾರದು” ಅಂತ ಫಿರಂಗಿ ತೋರಿಸಿ ಹೇಳಿದರಲ್ಲ, ತಪ್ಪು ಶುರುವಾಗಿದ್ದು ಅಲ್ಲಿಂದ. ಯಾಕೆ ಹೀಗೆ ಅನ್ನುತ್ತೇನೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಒಂದು ಕಾಳಿನ ಬೆಲೆ

ಅಮ್ಮ ಪೊಂಗಲ್‌ಗೆ ಹಾಕುವ ಕಾಳುಮೆಣಸು ಗೊತ್ತಲ್ಲ? ಕೆಲವರ ಮನೆಯಲ್ಲಿ ಕರಿಮೆಣಸು ಅಂತಾರೆ, ಮಂಗಳೂರು ಕಡೆಯವರು ಒಳ್ಳೆಮೆಣಸು ಅಂತಾರೆ. ಅದು ಬಳ್ಳಿಯಲ್ಲಿ ಬಿಡುತ್ತದೆ. ಉತ್ತರ ಕನ್ನಡದ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿಕೊಂಡು ಬೆಳೆಯುತ್ತದೆ. ಪಶ್ಚಿಮ ಘಟ್ಟದ ಮಳೆ, ನೆರಳು, ಮಣ್ಣು ಎಲ್ಲವೂ ಅದಕ್ಕೆ ಬೇಕು. ಇಂಗ್ಲೆಂಡಿನ ಚಳಿಯಲ್ಲಿ ಎಷ್ಟು ಗೊಬ್ಬರ ಹಾಕಿದರೂ ಬರುವುದಿಲ್ಲ.

ಕೆಟ್ಟ ಮಾಂಸದ ವಾಸನೆ ಮುಚ್ಚೋಕೆ ಯುರೋಪಿನವರು ಮೆಣಸು ಹಾಕುತ್ತಿದ್ದರು ಅನ್ನೋ ಮಾತನ್ನು ನೀವು ಕೇಳಿರಬಹುದು. ಅದನ್ನು ನಂಬಬೇಡಿ. ಅಷ್ಟು ದುಬಾರಿ ಮೆಣಸು ಕೊಳ್ಳುವ ಶ್ರೀಮಂತನಿಗೆ ತಾಜಾ ಮಾಂಸ ಕೊಳ್ಳೋದು ಕಷ್ಟವೇ? ಮೆಣಸು ರುಚಿಗೆ ಬೇಕಿತ್ತು, ಔಷಧಿಗೆ ಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ “ನಮ್ಮ ಮನೆಯಲ್ಲಿ ಮೆಣಸಿದೆ” ಅಂತ ತೋರಿಸಿಕೊಳ್ಳೋಕೆ ಬೇಕಿತ್ತು.

ಲಂಡನ್ನಿನಲ್ಲಿ ಮೆಣಸಿನ ವ್ಯಾಪಾರಿಗಳದ್ದೇ ಒಂದು ಸಂಘ ಇತ್ತು. 1180ರ ದಾಖಲೆಯಲ್ಲೇ ಅದರ ಹೆಸರು ಬರುತ್ತದೆ. ಮುಂದೆ ಅದೇ ಗ್ರೋಸರ್ಸ್ ಕಂಪನಿ ಆಯಿತು. ಅಂದರೆ ನಾವು ದಿನಾ ‘ಗ್ರಾಸರಿ’ ಅಂತೀವಲ್ಲ, ಆ ಪದದ ಮನೆತನದಲ್ಲಿ ಮೆಣಸಿನ ಅಂಗಡಿಯವರಿದ್ದಾರೆ. ಇವತ್ತಿಗೂ ಇಂಗ್ಲೆಂಡಿನ ಬಾಡಿಗೆ ಕರಾರುಗಳಲ್ಲಿ ಹೆಸರಿಗೆ ಮಾತ್ರ ಇರುವ ಬಾಡಿಗೆಯನ್ನು ‘ಪೆಪ್ಪರ್‌ಕಾರ್ನ್ ರೆಂಟ್’ ಅನ್ನುತ್ತಾರೆ, ಅಂದರೆ ಒಂದು ಮೆಣಸಿನ ಕಾಳಿನ ಬಾಡಿಗೆ. ಒಂದು ಕಾಲದಲ್ಲಿ ಮೆಣಸನ್ನೇ ಬಾಡಿಗೆಯಾಗಿ ಎಣಿಸಿ ಕೊಡುತ್ತಿದ್ದರು!

ಇಷ್ಟು ಬೆಲೆ ಯಾಕೆ? ನಮ್ಮ ಕರಾವಳಿಯಿಂದ ಹೊರಟ ಮೆಣಸು ಅರಬ್ಬರ ಹಡಗಿನಲ್ಲಿ ಕೆಂಪು ಸಮುದ್ರಕ್ಕೆ, ಅಲ್ಲಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ವೆನಿಸ್‌ಗೆ, ವೆನಿಸ್‌ನಿಂದ ಲಂಡನ್ನಿಗೆ ಬರಬೇಕಿತ್ತು. ಕೈ ಬದಲಾದಾಗಲೆಲ್ಲ ಬೆಲೆ ಏರುತ್ತಿತ್ತು, ದಾರಿಯಲ್ಲಿದ್ದ ದೊರೆಗಳು ಸುಂಕ ಹಾಕುತ್ತಿದ್ದರು. ಹಾಗಾಗಿ ಮಧ್ಯದವರನ್ನು ಬಿಟ್ಟು ನೇರವಾಗಿ ತೋಟದ ಬಾಗಿಲಿಗೇ ಹೋದರೆ ಹೇಗೆ ಅಂತ ಪೋರ್ಚುಗೀಸರು ಯೋಚಿಸಿದರು. ಇದು ಯಾವ ವ್ಯಾಪಾರಿಯಾದರೂ ಯೋಚಿಸುವಂಥದ್ದೇ. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ.

ಅವರಿಗಿಂತ ಮುಂಚೆ ನಮ್ಮ ಕಡಲು

ಪೋರ್ಚುಗೀಸರು ಬರುವ ಮುಂಚೆ ನಮ್ಮ ಕಡಲು ಖಾಲಿ ಇರಲಿಲ್ಲ. ಭಟ್ಕಳದ ಬಂದರಿನಲ್ಲಿ ಅರೇಬಿಯಾ, ಪರ್ಷಿಯಾದ ಕುದುರೆಗಳು ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಬಸರೂರು, ಮಂಗಳೂರಿನಿಂದ ಅಕ್ಕಿ ಹೊರಗೆ ಹೋಗುತ್ತಿತ್ತು. ಹೊನ್ನಾವರದಲ್ಲಿ ಹಲವು ದೇಶದ ಜನ ಇದ್ದರು.

ನಮ್ಮವರೂ ಮನೆಯಲ್ಲಿ ಕೂತಿರಲಿಲ್ಲ. ಐಹೊಳೆಯಲ್ಲಿ ಹುಟ್ಟಿದ ‘ಅಯ್ಯಾವೊಳೆ ಐನೂರ್ವರು’ ಅನ್ನುವ ವರ್ತಕರ ಸಂಘ ದಕ್ಷಿಣ ಭಾರತದಲ್ಲೆಲ್ಲ ಹೆಸರಾಗಿತ್ತು. ದೂರದ ಸುಮಾತ್ರಾದಲ್ಲೂ ಐನೂರ್ವರ ಹೆಸರಿರುವ 11ನೇ ಶತಮಾನದ ಶಾಸನ ಸಿಕ್ಕಿದೆ. ಐಹೊಳೆಗೆ ಪ್ರವಾಸ ಹೋದಾಗ ದೇವಸ್ಥಾನ ಮಾತ್ರ ನೋಡಿ ಬರಬೇಡಿ, ಅದು ಸಮುದ್ರದಾಚೆಗೂ ವ್ಯಾಪಾರ ಮಾಡಿದವರ ಊರು ಅನ್ನೋದನ್ನೂ ನೆನಪು ಮಾಡಿಕೊಳ್ಳಿ.

ಈ ವ್ಯಾಪಾರದಲ್ಲಿ ಮೋಸ ಇರಲಿಲ್ಲ, ಜಗಳ ಇರಲಿಲ್ಲ ಅಂತ ಹೇಳುತ್ತಿಲ್ಲ. ಕಡಲ್ಗಳ್ಳರಿದ್ದರು, ಸುಂಕಕ್ಕಾಗಿ ಕಿತ್ತಾಟ ಇತ್ತು. ಆದರೆ ಇಡೀ ಸಮುದ್ರವೇ ನನ್ನದು, ನನ್ನ ಚೀಟಿ ಇಲ್ಲದೆ ಯಾವ ಹಡಗೂ ಓಡಬಾರದು ಅಂತ ಯಾರೂ ಹೇಳಿರಲಿಲ್ಲ.

ದೇವರು ಮತ್ತು ಮೆಣಸು ಒಂದೇ ಹಡಗಿನಲ್ಲಿ

1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮಾ ಕೇರಳದ ಕಲ್ಲಿಕೋಟೆ ತಲುಪಿದ. ಅವನು ದಡಕ್ಕೆ ಕಳಿಸಿದ ಮನುಷ್ಯನಿಗೆ ಅಲ್ಲಿ ಮೊದಲು ಮಾತಾಡಲು ಸಿಕ್ಕಿದ್ದು ಉತ್ತರ ಆಫ್ರಿಕಾದ ಟ್ಯುನಿಸ್ ಊರಿನ ಇಬ್ಬರು ವ್ಯಾಪಾರಿಗಳು. ಅವರಿಗೆ ಸ್ಪೇನಿನ ಭಾಷೆ ಬರುತ್ತಿತ್ತು! ಇಷ್ಟು ದೂರ ಏನು ಹುಡುಕಿಕೊಂಡು ಬಂದಿರಿ ಅಂತ ಅವರು ಕೇಳಿದರು. ಕ್ರೈಸ್ತರನ್ನು ಮತ್ತು ಸಂಬಾರ ಪದಾರ್ಥಗಳನ್ನು ಹುಡುಕಿಕೊಂಡು ಬಂದೆವು ಅನ್ನುವುದು ಅವನ ಉತ್ತರವಾಗಿತ್ತು.

ನೋಡಿ, ಶಾಲೆಯ ಪಾಠದ ‘ದೇವರು’ ಮತ್ತು ‘ಬಂಗಾರ’ ಎರಡೂ ಒಂದೇ ವಾಕ್ಯದಲ್ಲಿ ಬಂದವು. ಪೋರ್ಚುಗೀಸರು ತಮ್ಮ ಊರಿನ ಕಡೆ ಮುಸ್ಲಿಮರ ಜೊತೆ ನೂರಾರು ವರ್ಷ ಯುದ್ಧ ಮಾಡಿದ್ದರು. ಇಲ್ಲಿ ಮೆಣಸಿನ ವ್ಯಾಪಾರ ಬಹುಪಾಲು ಮುಸ್ಲಿಮ್ ವರ್ತಕರ ಕೈಯಲ್ಲಿತ್ತು. ಹಾಗಾಗಿ ಲಾಭಕ್ಕಾಗಿ ಹೊಡೆದಾಡಿದರೂ ಅದನ್ನು ಧರ್ಮದ ಕೆಲಸ ಅಂತ ನಂಬುವುದು ಅವರಿಗೆ ಸುಲಭವಾಯಿತು. ಕೆಲವರು ನಿಜವಾಗಿಯೂ ನಂಬಿದ್ದರು. ಸುಳ್ಳು ಹೇಳುವವನಿಗಿಂತ ತನ್ನ ಆಸೆಯನ್ನೇ ಧರ್ಮ ಅಂತ ನಂಬಿದವನು ಹೆಚ್ಚು ಅಪಾಯ ಅಂತ ನನಗನ್ನಿಸುತ್ತದೆ.

ಗಾಮಾ ಹಿಂದಿರುಗುವಾಗ ನಮ್ಮ ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ಇಳಿದು ಹಡಗು ರಿಪೇರಿ ಮಾಡಿಕೊಂಡ. ಹೊರಟಾಗ ಸುಮಾರು 170 ಮಂದಿ ಇದ್ದರು, ಜೀವಂತ ಊರು ಸೇರಿದ್ದು ಅದರಲ್ಲಿ ಮೂರನೇ ಒಂದರಷ್ಟು ಮಾತ್ರ. ಹಡಗಿನಲ್ಲಿ ಸತ್ತ ಬಡ ನಾವಿಕರ ಉದ್ದೇಶ ಕೀರ್ತಿಯಂತೂ ಆಗಿರಲಿಕ್ಕಿಲ್ಲ. ಅವರಿಗೆ ಬೇಕಿದ್ದದ್ದು ಕೂಲಿ.

1502ರಲ್ಲಿ ಗಾಮಾ ಮತ್ತೆ ಬಂದ, ಈ ಸಲ ಯುದ್ಧದ ಹಡಗುಗಳ ಜೊತೆ. ಮುಸ್ಲಿಮ್ ವರ್ತಕರನ್ನೆಲ್ಲ ಓಡಿಸು ಅಂತ ಕಲ್ಲಿಕೋಟೆಯ ಸಾಮೂದಿರಿ ರಾಜನಿಗೆ ತಾಕೀತು ಮಾಡಿದ. ತಲೆಮಾರುಗಳಿಂದ ಇಲ್ಲೇ ಇರುವ ಜನರನ್ನು ಓಡಿಸಲು ಸಾಮೂದಿರಿ ಒಪ್ಪಲಿಲ್ಲ. ಗಾಮಾ ಊರಿನ ಮೇಲೆ ಗುಂಡು ಹಾರಿಸಿದ. ಅದೇ ಪ್ರಯಾಣದಲ್ಲಿ ಮೆಕ್ಕಾ ಯಾತ್ರೆಯಿಂದ ಬರುತ್ತಿದ್ದವರ ಹಡಗಿಗೆ ಬೆಂಕಿ ಇಟ್ಟ. ಭಟ್ಕಳದವರಿಗೆ ಹಾಕಿದ ಷರತ್ತುಗಳನ್ನು ಪೋರ್ಚುಗೀಸ್ ಬರಹಗಾರರೇ ಹೇಳಿದ್ದಾರೆ: ವರ್ಷವರ್ಷ ಅಕ್ಕಿ ಕಪ್ಪ ಕೊಡಬೇಕು, ತುರ್ಕರನ್ನು ಸೇರಿಸಬಾರದು, ಮೆಣಸಿನ ವ್ಯಾಪಾರ ಮಾಡಬಾರದು. ಮೆಣಸು ಬೆಳೆಯುವ ನಾಡಿನ ಬಂದರಿಗೆ ಮೆಣಸು ಮಾರಬೇಡ ಅಂದರೆ ಹೇಗೆ?

ಆಮೇಲೆ ‘ಕಾರ್ತಾಜ್’ ಅನ್ನುವ ಪರವಾನಗಿ ಚೀಟಿ ಬಂತು. ಅದಿಲ್ಲದ ಹಡಗನ್ನು ಪೋರ್ಚುಗೀಸರು ಹಿಡಿಯಬಹುದು, ಸರಕು ಕಿತ್ತುಕೊಳ್ಳಬಹುದು. ನಿಮ್ಮ ಮನೆ ಮುಂದಿನ ರಸ್ತೆಯಲ್ಲಿ ನೀವು ನಡೆಯೋಕೆ ಯಾರೋ ಹೊಸಬರು ಬಂದು ಪಾಸ್ ಕೇಳಿದ ಹಾಗೆ.

ಇದನ್ನು ಒಪ್ಪದವರಲ್ಲಿ ಇಬ್ಬರು ರಾಣಿಯರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು. ಉಳ್ಳಾಲದ ರಾಣಿ ಅಬ್ಬಕ್ಕ ಕಪ್ಪ ಕೊಡುವುದಿಲ್ಲ ಅಂದಳು, ಪೋರ್ಚುಗೀಸರು ಬೇಡವೆಂದ ಕಲ್ಲಿಕೋಟೆಯ ಜೊತೆಯೇ ವ್ಯಾಪಾರ ಮುಂದುವರಿಸಿದಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದಳು. ಪೋರ್ಚುಗೀಸರೇ ಆಕೆಯನ್ನು ‘ಮೆಣಸಿನ ರಾಣಿ’ ಅಂತ ಕರೆದರು. ಈ ಇಬ್ಬರೂ ವ್ಯಾಪಾರಕ್ಕೆ ವಿರೋಧ ಇರಲಿಲ್ಲ ಅನ್ನೋದನ್ನು ಗಮನಿಸಿ. ಯಾರಿಗೆ ಮಾರಬೇಕು ಅನ್ನೋದನ್ನು ತಾವೇ ತೀರ್ಮಾನ ಮಾಡುತ್ತೇವೆ ಅನ್ನೋದು ಅವರ ಹಟ.

ನಮ್ಮವರೆಲ್ಲ ಸಾಚಾ ಅಲ್ಲ

ಅಪ್ಪ ಅಮ್ಮಂದಿರೇ, ಈಗ ಸ್ವಲ್ಪ ಕಹಿ ಮಾತು. “ಅವರು ಕೆಟ್ಟವರು, ನಾವು ಪಾಪದವರು” ಅಂತ ಮಕ್ಕಳಿಗೆ ಹೇಳಿಕೊಟ್ಟರೆ ಅದು ಅರ್ಧ ಇತಿಹಾಸ.

1510ರಲ್ಲಿ ಆಲ್ಬುಕರ್ಕ್ ಗೋವಾ ಹಿಡಿಯಲು ಒತ್ತಾಸೆ ಕೊಟ್ಟು ಕರೆದುಕೊಂಡು ಹೋದವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಅವನಿಗೆ ಬಿಜಾಪುರದ ಆದಿಲಶಾಹಿಯ ಮೇಲೆ ಸಿಟ್ಟಿತ್ತು. ವಿಜಯನಗರದ ಅರಸರಿಗೆ ಕುದುರೆ ಬೇಕಿತ್ತು, ಅದಕ್ಕಾಗಿ ಪೋರ್ಚುಗೀಸರ ಜೊತೆ ಸ್ನೇಹ ಬೇಕಿತ್ತು. ಚೆನ್ನಭೈರಾದೇವಿಯನ್ನು ಕೊನೆಗೆ ಸೋಲಿಸಿ ಸೆರೆ ಹಿಡಿದದ್ದು ಪೋರ್ಚುಗೀಸರಲ್ಲ, ನೆರೆಯ ಕೆಳದಿಯ ನಾಯಕರು. ಎಷ್ಟೋ ವರ್ಷಗಳ ನಂತರ ಟಿಪ್ಪು ಸುಲ್ತಾನ್ ಕೂಡ ಮೆಣಸು, ಶ್ರೀಗಂಧ, ಏಲಕ್ಕಿಯ ವ್ಯಾಪಾರ ಸರ್ಕಾರದ ಕೈಯಲ್ಲೇ ಇರಬೇಕು ಅಂತ ಕಟ್ಟು ಮಾಡಿದ. ‘ನಾನೊಬ್ಬನೇ’ ಅನ್ನುವ ಆಸೆಗೆ ಬಣ್ಣವಿಲ್ಲ, ದೇಶವಿಲ್ಲ.

ಹಾಗಂತ ಎಲ್ಲರ ತಪ್ಪೂ ಒಂದೇ ಅಳತೆಯದಾ? ಅಲ್ಲ. ಊರಿನ ಅರಸು ತಪ್ಪು ಮಾಡಿದರೆ ಅವನ ಲಾಭ ಬಹುಮಟ್ಟಿಗೆ ಊರಲ್ಲೇ ಖರ್ಚಾಗುತ್ತಿತ್ತು, ಅವನು ಅಲ್ಲೇ ಬದುಕಬೇಕಿತ್ತು. ಆರು ತಿಂಗಳ ದಾರಿಯಾಚೆ ಕೂತ ಪಾಲುದಾರನಿಗೆ ಊರಿನ ಮುಖವೇ ಕಾಣುತ್ತಿರಲಿಲ್ಲ, ಲೆಕ್ಕದ ಪುಸ್ತಕ ಮಾತ್ರ ಕಾಣುತ್ತಿತ್ತು. ಆ ಪಾಲುದಾರರಲ್ಲಿ ಹಲವರು ಇದ್ದದ್ದು ನಮ್ಮ ಈ ಲಂಡನ್ನಿನಲ್ಲಿ.

ಲೆಡನ್‌ಹಾಲ್ ಬೀದಿಯ ಲೆಕ್ಕ

ಡಚ್ಚರು ಮೆಣಸಿನ ವ್ಯಾಪಾರದಲ್ಲಿ ಮುಂದೆ ಹೋಗುವುದನ್ನು ನೋಡಿ ಲಂಡನ್ ವರ್ತಕರು 1599ರಲ್ಲಿ ಸಭೆ ಸೇರಿ ಹಣ ಕೂಡಿಸಿದರು. 1600ರ ಡಿಸೆಂಬರ್ 31ರಂದು ಒಂದನೇ ಎಲಿಜಬೆತ್ ರಾಣಿ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ಆ ಸನ್ನದಿನಲ್ಲೂ ನಾನು ಹೇಳುತ್ತಿರುವ ಮಾತೇ ಇದೆ: ಮುಂದಿನ 15 ವರ್ಷ ಪೂರ್ವ ದೇಶಗಳ ವ್ಯಾಪಾರ ಈ ಕಂಪನಿಯೊಂದಕ್ಕೇ, ಬೇರೆ ಯಾವ ಇಂಗ್ಲಿಷಿನವನೂ ಅನುಮತಿಯಿಲ್ಲದೆ ಮಾಡುವಂತಿಲ್ಲ. ಅಂದರೆ ‘ನಾನೊಬ್ಬನೇ’ ಅನ್ನುವುದನ್ನು ಅವರು ಮೊದಲು ಹೇರಿದ್ದು ತಮ್ಮ ಊರಿನವರ ಮೇಲೆ!

1601ರ ಫೆಬ್ರವರಿಯಲ್ಲಿ ಜೇಮ್ಸ್ ಲ್ಯಾಂಕಸ್ಟರ್ ಹಡಗುಗಳ ಜೊತೆ ವುಲ್ವಿಚ್‌ನಿಂದ ಹೊರಟ. ಹೌದು, ನಿಮ್ಮಲ್ಲಿ ಕೆಲವರು ದಿನಾ ಎಲಿಜಬೆತ್ ಲೈನ್ ರೈಲು ಹತ್ತುವ ಅದೇ ವುಲ್ವಿಚ್. ಅವನು ಸುಮಾತ್ರಾ, ಜಾವಾಗಳಿಂದ ಮೆಣಸು ತಂದ. ನಮ್ಮ ಕರಾವಳಿಗೆ ಇಂಗ್ಲಿಷರು ಬಂದು ಕೋಠಿ ಹಾಕಿದ್ದು 1638ರಲ್ಲಿ, ಕಾರವಾರದಲ್ಲಿ. ಹಾಕಿದವರು ಕಂಪನಿಯವರಲ್ಲ, ಅವರ ಎದುರಾಳಿ ಕೋರ್ಟೀನ್ ಗುಂಪಿನವರು. ಕಂಪನಿಗೆ ಮಾತು ಕೊಟ್ಟಿದ್ದರೂ ರಾಜ ಒಂದನೇ ಚಾರ್ಲ್ಸ್ 1635ರಲ್ಲಿ ಇವರಿಗೂ ಅನುಮತಿ ಕೊಟ್ಟಿದ್ದ. ಮುಂದೆ ಆ ಕೋಠಿಯೂ ಕಂಪನಿಗೇ ಸೇರಿತು. ಕಾರವಾರದಿಂದ ಮೆಣಸು ಮಾತ್ರವಲ್ಲ, ಘಟ್ಟದ ಮೇಲಿನ ಹುಬ್ಬಳ್ಳಿ ಕಡೆಯ ಬಟ್ಟೆಯೂ ಹೊರಟಿತು.

ಈಗ ಮೆಟ್ಟಿಲು ಮೆಟ್ಟಿಲಾಗಿ ನೋಡಿ. ಸರಕು ಇಡೋಕೆ ಗೋದಾಮು ಬೇಕು. ಗೋದಾಮಿಗೆ ಕಾವಲು ಬೇಕು. ಕಾವಲಿಗೆ ಕೋಟೆ, ಕೋಟೆಗೆ ಸಿಪಾಯಿ, ಸಿಪಾಯಿಗೆ ಸಂಬಳ ಬೇಕು. ಸಂಬಳಕ್ಕೆ ತೆರಿಗೆ ಎತ್ತಬೇಕು. 1765ರಲ್ಲಿ ಬಂಗಾಳದ ತೆರಿಗೆ ಎತ್ತುವ ಹಕ್ಕು ಕಂಪನಿಗೆ ಸಿಕ್ಕಿತು. ಅಲ್ಲಿಂದ ಮುಂದೆ ನಮ್ಮ ಜನ ಕೊಟ್ಟ ತೆರಿಗೆಯ ಹಣದಿಂದಲೇ ನಮ್ಮ ಜನರ ಸರಕು ಕೊಂಡು ಇಲ್ಲಿಗೆ ತಂದು ಮಾರುವುದು ಶುರುವಾಯಿತು. ಇದಕ್ಕೆ ವ್ಯಾಪಾರ ಅನ್ನುವ ಹೆಸರು ಇತ್ತು, ಅಷ್ಟೇ. 1803ರ ಹೊತ್ತಿಗೆ ಕಂಪನಿಯ ಸೈನ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಇದ್ದರು.

ಮೈಸೂರಿನ ಪಾಲಿಗೆ ಬಂದದ್ದೂ ಇದೇ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಿ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಬಿಟ್ಟುಕೊಟ್ಟ ನಾಡಿನಲ್ಲಿ ಮೆಣಸಿನ ನಾಡು ಮಲಬಾರೂ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು.

1600ರಲ್ಲಿ ಸಭೆ ಸೇರಿದ ವರ್ತಕರ ಮನಸ್ಸಿನಲ್ಲಿ ಶ್ರೀರಂಗಪಟ್ಟಣ ಇತ್ತಾ? ಖಂಡಿತ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಮೆಣಸಿನ ಲಾಭ. ಅದಕ್ಕೇ ‘ಉದ್ದೇಶ ಏನಿತ್ತು’ ಅನ್ನೋ ಪ್ರಶ್ನೆಯೊಂದೇ ಸಾಲದು ಅಂತ ನಾನು ಹೇಳೋದು. ಉದ್ದೇಶ ಬೆಳೆಯುತ್ತದೆ. ಯಾರೂ ತಡೆಯದಿದ್ದರೆ, ಯಾರೂ ಲೆಕ್ಕ ಕೇಳದಿದ್ದರೆ, ಒಂದು ಹಿಡಿ ಮೆಣಸಿನ ಆಸೆ ಒಂದು ದೇಶದ ಆಸೆಯಾಗುತ್ತದೆ.

ಎಲ್ಲರೂ ಮೆಣಸಿಗೆ ಬರಲಿಲ್ಲ

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಅನ್ನುವ ರೋಮಿನ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೊರಟಿದ್ದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರು ಇರಲಿಲ್ಲ. ಮರೆತುಹೋದರೆ ತಿದ್ದುವವರು ಯಾರು ಅಂತ ಇವನು ಕೇಳಿದ. ನಾಲ್ಕೂ ಜನ ಒಂದೇ ಸಲ ಒಂದೇ ಪಾಠ ಮರೆಯೋಕೆ ಸಾಧ್ಯವೇ ಇಲ್ಲ ಅಂದರಂತೆ ಹುಡುಗರು! ಅವನು ಅದನ್ನು ಮೆಚ್ಚಿ ಬರೆದಿಟ್ಟ. ಜೊತೆಯಲ್ಲಿದ್ದ ರಾಯಭಾರಿಗೆ ಮೆಣಸಿನ ವ್ಯವಹಾರ ಮುಖ್ಯ, ಇವನಿಗೆ ಮಕ್ಕಳ ಪಾಠ ಮುಖ್ಯ. ದಾರಿ ಒಂದೇ, ಕಣ್ಣು ಬೇರೆ.

ಎಷ್ಟೋ ಕಾಲದ ನಂತರ ‘ದೇವರು’ ಅನ್ನುವ ಉದ್ದೇಶದಿಂದ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಕಿಟ್ಟೆಲ್ 1894ರಲ್ಲಿ ಕನ್ನಡದ ದೊಡ್ಡ ನಿಘಂಟು ಕೊಟ್ಟ. ಬಂದವರನ್ನೆಲ್ಲ ಒಂದೇ ಚೀಲಕ್ಕೆ ತುಂಬಬೇಡಿ ಅನ್ನೋದಕ್ಕೆ ಇಷ್ಟು ಸಾಕು. ಆದರೆ ನಿಘಂಟು ಸಿಕ್ಕಿತು ಅಂತ ಲೂಟಿಯ ಲೆಕ್ಕ ವಜಾ ಆಗುವುದಿಲ್ಲ. ರೈಲಿನ ವಿಷಯವೂ ಹಾಗೇ. ಒಳ್ಳೆಯದನ್ನು ಒಳ್ಳೆಯದರ ಪುಟದಲ್ಲಿ ಬರೆಯೋಣ, ಕೆಟ್ಟದ್ದನ್ನು ಕೆಟ್ಟದ್ದರ ಪುಟದಲ್ಲಿ.

ನಾವೂ ಸಮುದ್ರ ದಾಟಿದವರೇ

ನಾವು ಇಲ್ಲಿಗೆ ಯಾಕೆ ಬಂದೆವು? ಒಬ್ಬರು ಆಸ್ಪತ್ರೆಯ ಕೆಲಸಕ್ಕೆ, ಒಬ್ಬರು ಸಾಫ್ಟ್‌ವೇರ್ ಕೆಲಸಕ್ಕೆ, ಇನ್ನೊಬ್ಬರು ಓದೋಕೆ. ದುಡ್ಡು ಬೇಕಿತ್ತು, ಮಕ್ಕಳಿಗೆ ಒಳ್ಳೆಯ ಶಾಲೆ ಬೇಕಿತ್ತು, ಜಗತ್ತು ನೋಡುವ ಆಸೆಯೂ ಇತ್ತು, ಊರಲ್ಲಿ “ನಮ್ಮ ಹುಡುಗ ಲಂಡನ್ನಲ್ಲಿದಾನೆ” ಅನ್ನಿಸಿಕೊಳ್ಳುವ ಆಸೆಯೂ ಸ್ವಲ್ಪ ಇತ್ತು. ನಮ್ಮ ಉದ್ದೇಶ ಒಂದೇ ಪದದಲ್ಲಿ ಹೇಳೋಕೆ ಆಗಲ್ಲ ಅಂದಮೇಲೆ 500 ವರ್ಷದ ಹಿಂದಿನವರದ್ದು ಮೂರು ಪದದಲ್ಲಿ ಮುಗಿಯುತ್ತದಾ? ಆದರೆ ನಾವು ವೀಸಾ ಕೇಳಿ ಬಂದೆವು, ಇಲ್ಲಿಯ ಕಾನೂನಿನ ಕೆಳಗೆ ಇದ್ದೇವೆ, ಪಕ್ಕದ ಅಂಗಡಿಯವನಿಗೆ ನೀನು ಮಾರಬೇಡ ಅನ್ನುವುದಿಲ್ಲ. ವ್ಯತ್ಯಾಸ ಇಲ್ಲಿದೆ.

ಹಾಗಾಗಿ ಮಕ್ಕಳೇ, ಇನ್ನು ಮುಂದೆ ಶಾಲೆಯಲ್ಲಿ ಈ ಪಾಠ ಬಂದಾಗ ಮೂರು ‘ಜಿ’ಗಳನ್ನು ಬರೆಯಿರಿ, ಅಂಕ ಬಿಡಬೇಡಿ. ಅದರ ಕೆಳಗೆ ಮೂರು ಪ್ರಶ್ನೆಗಳನ್ನೂ ಸೇರಿಸಿ. ಯಾರಿಗೆ ಏನು ಬೇಕಿತ್ತು? ಯಾರು ಒಪ್ಪಿದರು? ಯಾರನ್ನು ಕೇಳಲೇ ಇಲ್ಲ? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕೋದು ಎಲ್ಲಕ್ಕಿಂತ ಕಷ್ಟ. ಬಳ್ಳಿಯಿಂದ ಮೆಣಸು ಕೊಯ್ದವರ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಸುಲಭವಾಗಿ ಸಿಗುವುದಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ಮುಂದಿನ ಹಾಫ್ ಟರ್ಮ್ ರಜೆಯಲ್ಲಿ ಒಂದು ದಿನ ಮಕ್ಕಳ ಜೊತೆ ಹೊರಡಿ. ಡಿಎಲ್‌ಆರ್‌ನ ಈಸ್ಟ್ ಇಂಡಿಯಾ ಸ್ಟೇಷನ್ನಿನಲ್ಲಿ ಇಳಿಯಿರಿ. 1806ರಲ್ಲಿ ತೆರೆದ ಕಂಪನಿಯ ಹಡಗುಕಟ್ಟೆ ಇದ್ದ ಜಾಗ ಅದು. ಸುತ್ತಲಿನ ಬೀದಿಗಳ ಹೆಸರು ಓದಿಸಿ: ಕ್ಲೋವ್ ಕ್ರೆಸೆಂಟ್, ನಟ್‌ಮೆಗ್ ಲೇನ್, ಸ್ಯಾಫ್ರನ್ ಅವೆನ್ಯೂ. ಲವಂಗ, ಜಾಯಿಕಾಯಿ, ಕೇಸರಿ ಅಂತ ಕನ್ನಡದಲ್ಲಿ ಹೇಳಿಸಿ. ಅಲ್ಲಿಂದ ಲೆಡನ್‌ಹಾಲ್ ಬೀದಿಗೆ ಬನ್ನಿ, ಹ್ಯಾರಿ ಪಾಟರ್ ಸಿನಿಮಾದಲ್ಲಿ ಕಾಣುವ ಮಾರ್ಕೆಟ್ಟಿನ ಪಕ್ಕ. ಈಗ ಲಾಯ್ಡ್ಸ್ ಕಟ್ಟಡ ಇರುವಲ್ಲಿ ಕಂಪನಿಯ ಮುಖ್ಯ ಕಚೇರಿ ಇತ್ತು, 1861ರಲ್ಲಿ ಕೆಡವಿದರು. ಶ್ರೀರಂಗಪಟ್ಟಣದಿಂದ ತಂದ ಟಿಪ್ಪುವಿನ ಮರದ ಹುಲಿಯನ್ನು ಮೊದಲು ಜನರಿಗೆ ತೋರಿಸಿದ್ದು ಆ ಕಚೇರಿಯಲ್ಲೇ. ಈಗ ಆ ಹುಲಿ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಒಳಗೆ ಹೋಗೋಕೆ ಟಿಕೆಟ್ ಬೇಕಿಲ್ಲ.

ಹುಲಿಯ ಮುಂದೆ ನಿಂತಾಗ ಮಕ್ಕಳಿಗೆ ಸಿಟ್ಟು ಬಂದರೆ ಬರಲಿ, ಹೆಮ್ಮೆ ಬಂದರೆ ಅದೂ ಬರಲಿ. ಇದು ಇಲ್ಲಿಗೆ ಹೇಗೆ ಬಂತು ಅಂತ ಅವರು ಕೇಳಿಯೇ ಕೇಳುತ್ತಾರೆ. ಆಗ “ಕದ್ದರು” ಅಂತ ಒಂದೇ ಪದದಲ್ಲಿ ಮುಗಿಸಬೇಡಿ, “ಅದೆಲ್ಲ ಹಳೇ ಕಥೆ ಬಿಡು” ಅಂತಲೂ ಅನ್ನಬೇಡಿ. ಅಲ್ಲೇ ಬೆಂಚಿನ ಮೇಲೆ ಕೂತು ಕಾಳುಮೆಣಸಿನಿಂದ ಶುರುಮಾಡಿ. ಮಕ್ಕಳು ಕೇಳಿದ ಹೊಸ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ, ಮುಂದಿನ ವರ್ಷದ ಸಂಚಿಕೆಯಲ್ಲಿ ಅವನ್ನೇ ಅಚ್ಚು ಹಾಕೋಣ.